ಊರಕೆರೆಯಲ್ಲಿ ಫ್ಲೈ ಫಿಶಿಂಗ್: ತೂಬು, ಭರತ ಮತ್ತು ಹತ್ತು ಮೀಟರ್ ದಾರ

ಮಂಗಳೂರು, ಉಡುಪಿಯವರಿಗೆ ಗಾಳ ಹಾಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಳೆಯ ದಂಡೆಯಲ್ಲಿ, ಅಳಿವೆಯ ಕಲ್ಲುಗಳ ಮೇಲೆ, ಕಿಂಡಿ ಅಣೆಕಟ್ಟಿನ ಕೆಳಗೆ ತಂಗೂಸಿಯ (ನೈಲಾನ್ ದಾರದ) ಗಾಳಕ್ಕೆ ಸಿಗಡಿ ಚುಚ್ಚಿ ಕೂತವರನ್ನು ನೋಡುತ್ತಲೇ ಬೆಳೆದವರು ನಾವು. ಫ್ಲೈ ಫಿಶಿಂಗ್ ಆ ವಿದ್ಯೆಗೆ ದೂರದ ನೆಂಟ. ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ದಾರಕ್ಕೇ ಭಾರ, ಕೊಕ್ಕೆಗೆ ಭಾರವಿಲ್ಲ. ಗರಿ, ರೋಮ, ನೂಲು ಸುತ್ತಿ ಮಾಡಿದ ಹುಳುವಿನಂಥ ಅಥವಾ ಮರಿಮೀನಿನಂಥ ‘ಫ್ಲೈ’ಯನ್ನು ಆ ಭಾರದ ದಾರ ಹೊತ್ತುಕೊಂಡು ಹೋಗಿ ನೀರಿನ ಮೇಲೆ ಇಳಿಸುತ್ತದೆ. ಎರೆಹುಳು ಇಲ್ಲ, ಸಿಗಡಿ ಇಲ್ಲ. “ಎರೆ ಇಲ್ಲದೆ ಮೀನು ಬೀಳುತ್ತದೆಯೇ ಮಾರಾಯರೇ?” ಎಂದು ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ಕೇಳಿದ್ದರು. ಬೀಳುತ್ತದೆ. ಹೇಗೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ವಿದ್ಯೆಯ ಬಗ್ಗೆ ನಮಗೆ ಸಿಗುವ ಬಹುಪಾಲು ಪಾಠಗಳು ತಣ್ಣೀರಿನ ನದಿಗಳಲ್ಲಿ ಟ್ರೌಟ್ ಹಿಡಿಯುವವರದ್ದು. ನನ್ನ ಕೆರೆ ಹಾಗಲ್ಲ. ಮಂಗಳೂರಿನ ಹೊರವಲಯದಲ್ಲಿ, ಫಲ್ಗುಣಿಯ ಹಿನ್ನೀರಿಗೆ ಒಂದು ತೂಬಿನ ಮೂಲಕ ಸೇರಿಕೊಂಡಿರುವ ಸಣ್ಣ ಕೆರೆ ಅದು. ಹೂಳೆತ್ತಿ, ಮುರಕಲ್ಲಿನ ದಂಡೆ ಕಟ್ಟಿ, ಸುತ್ತ ನಡೆಯುವ ದಾರಿ ಹಾಸಿ ಉದ್ಯಾನ ಮಾಡಿದ್ದಾರೆ. ಇಂಥ ಕೆರೆಗಳು ಈಗ ಹೆಚ್ಚುತ್ತಿವೆ. 2022ರ ಏಪ್ರಿಲ್ 24ರಂದು ಆರಂಭವಾದ ಅಮೃತ ಸರೋವರ ಯೋಜನೆಯೇ ಪ್ರತಿ ಜಿಲ್ಲೆಗೆ 75 ಕೆರೆಗಳ ಗುರಿ ಇಟ್ಟುಕೊಂಡಿತ್ತು. ಇಲ್ಲಿ ಬೆನ್ನ ಹಿಂದೆ ಮಕ್ಕಳು ಓಡುತ್ತಿರುತ್ತಾರೆ, ತಲೆಯ ಮೇಲೆ ಮರದ ಕೊಂಬೆ ಇರುತ್ತದೆ, ನೀರು ಅರ್ಧ ಸಿಹಿ ಅರ್ಧ ಉಪ್ಪು. ದೂರ ಎಸೆಯುವ ಸಾಮರ್ಥ್ಯ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಹತ್ತು ಮೀಟರಿನೊಳಗೆ ಸರಿಯಾದ ಜಾಗಕ್ಕೆ ಮೆಲ್ಲನೆ ಇಳಿಸಬಲ್ಲವನಿಗೆ ಮೀನು ಸಿಗುತ್ತದೆ.

ಮೊದಲು ಅನುಮತಿ

ನೀರು ಕಂಡ ಕೂಡಲೇ ರಾಡ್ ಬಿಚ್ಚಬಾರದು. ಕೆರೆಗೆ ಒಡೆಯರಿದ್ದಾರೆ: ನಗರಪಾಲಿಕೆ, ಗ್ರಾಮ ಪಂಚಾಯತಿ, ಕೆಲವೊಮ್ಮೆ ದೇವಸ್ಥಾನ. ಮೀನು ಹಿಡಿಯುವ ಹಕ್ಕನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟಿರಲೂಬಹುದು. ಆಗ ಆ ಮೀನು ಒಬ್ಬರ ಬಂಡವಾಳ, ಒಬ್ಬರ ಜೀವನ. ಪಿಲಿಕುಳದಂಥ ನಿಸರ್ಗಧಾಮದ ಕೆರೆಯಾಗಲಿ, ಮಣಿಪಾಲದ ಮಣ್ಣಪಳ್ಳದಂಥ ಜನಪ್ರಿಯ ವಿಹಾರದ ಕೆರೆಯಾಗಲಿ, ಅಲ್ಲಿನ ಆಡಳಿತದ ಒಪ್ಪಿಗೆ ಇಲ್ಲದೆ ಗಾಳ ನೀರಿಗಿಳಿಯಬಾರದು. ದೇವಸ್ಥಾನದ ಪುಷ್ಕರಿಣಿಯ ಮಾತನ್ನು ಎತ್ತಲೇಬೇಡಿ. ನಾನು ಮೊದಲು ಕಚೇರಿಗೆ ಹೋಗಿ, ಹಿಡಿದ ಮೀನನ್ನು ಅಲ್ಲೇ ಬಿಡುತ್ತೇನೆ, ಮುಳ್ಳಿಲ್ಲದ ಕೊಕ್ಕೆ ಬಳಸುತ್ತೇನೆ, ಬೆಳಿಗ್ಗೆ ಎಂಟರೊಳಗೆ ಮುಗಿಸುತ್ತೇನೆ ಎಂದು ಬರೆದುಕೊಟ್ಟು ಒಪ್ಪಿಗೆ ಪಡೆದೆ. ಆ ಕಾಗದವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಚೀಲದಲ್ಲೇ ಇಟ್ಟಿದ್ದೇನೆ. ಕಾವಲುಗಾರರ ಪಾಳಿ ಬದಲಾದಾಗಲೆಲ್ಲ ಅದು ಬೇಕಾಗುತ್ತದೆ.

ಸಾಮಾನು

ಫ್ಲೈ ರಾಡಿಗೂ ದಾರಕ್ಕೂ ಒಂದೇ ಸಂಖ್ಯೆ ಇರಬೇಕು. ಆ ಸಂಖ್ಯೆ ದಾರದ ಮೊದಲ 30 ಅಡಿಯ ತೂಕವನ್ನು ಸೂಚಿಸುತ್ತದೆ. 5ನೇ ಸಂಖ್ಯೆಯ ದಾರ ಸುಮಾರು 9 ಗ್ರಾಂ, 6ನೆಯದು 10 ಗ್ರಾಂಗಿಂತ ತುಸು ಹೆಚ್ಚು, 8ನೆಯದು 13.6 ಗ್ರಾಂ. ಊರಕೆರೆಗೆ 9 ಅಡಿಯ 6ನೇ ಸಂಖ್ಯೆಯ ರಾಡ್ ಸಾಕು. ಅಂಗೈ ಅಗಲದ ತಿಲಾಪಿಯಾ ಹಿಡಿದರೂ ಖುಷಿ ಕೊಡುತ್ತದೆ, ತೂಬಿನಿಂದ ಒಳಗೆ ಬಂದ ಕುರುಡೆ ಮೀನು ಕಚ್ಚಿದರೂ ಕೈ ಬಿಡುವುದಿಲ್ಲ. ಮುಂದೆ ಅಳಿವೆಗೆ ಹೋಗುವ ಆಸೆಯಿದ್ದರೆ ಮಾತ್ರ 8ನೇ ಸಂಖ್ಯೆಯದನ್ನು ಕೊಳ್ಳಿ.

ದಾರದ ವಿಷಯದಲ್ಲಿ ಮಾತ್ರ ಹಣ ಉಳಿಸಬೇಡಿ. ತಣ್ಣೀರಿಗೆಂದು ಮಾಡಿದ ಫ್ಲೈ ಲೈನ್ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ, ಅಂಟಂಟಾಗಿ, ರಾಡಿನ ಬಳೆಗಳಲ್ಲಿ ಜಾರುವುದೇ ಇಲ್ಲ. ನನ್ನ ಮೊದಲ ದಾರದೊಡನೆ ಒಂದು ಇಡೀ ಬೇಸಿಗೆ ಗುದ್ದಾಡಿ, ತಪ್ಪು ನನ್ನ ಕೈಯದ್ದೇ ಎಂದು ನಂಬಿದ್ದೆ. ಉಷ್ಣವಲಯಕ್ಕೆಂದು ಲೇಪನ ಮಾಡಿದ, ತೇಲುವ ದಾರವನ್ನೇ ಕೇಳಿ ತರಿಸಿ. ಅದರ ಹಿಂದೆ ರೀಲಿನಲ್ಲಿ ಐವತ್ತು ಮೀಟರ್ ಬ್ಯಾಕಿಂಗ್ ಹುರಿ, ಮುಂದೆ ತುದಿಗೆ ಸಪೂರವಾಗುತ್ತ ಹೋಗುವ 9 ಅಡಿಯ ಲೀಡರ್, ಅದರ ತುದಿಗೆ ಎರಡಡಿ ಟಿಪೆಟ್. ಟಿಪೆಟ್ ಎಂದರೆ ಫ್ಲೈ ಕಟ್ಟುವ ತೆಳು ತಂಗೂಸಿ. ಸಣ್ಣ ಮೀನಿಗೆ 0.20 ಮಿಲಿಮೀಟರ್ ದಪ್ಪದ್ದು, ಕೊರವ ಮೀನಿಗೆ ಅದಕ್ಕಿಂತ ದಪ್ಪದ್ದು.

ಇನ್ನು ಮೂರು ವಸ್ತುಗಳು ಕಡ್ಡಾಯ. ನೀರಿನ ಪ್ರತಿಫಲನ ಕಡಿಮೆ ಮಾಡುವ ಪೋಲರೈಸ್ಡ್ ಕನ್ನಡಕ. ಇದು ಕಣ್ಣಿಗೆ ತಾಗಬಹುದಾದ ಕೊಕ್ಕೆಯನ್ನೂ ತಡೆಯುತ್ತದೆ. ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ. ಮತ್ತು ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಅಗಲ ಪ್ಲಾಸ್ಟಿಕ್ ಬುಟ್ಟಿ. ಎಳೆದುಕೊಂಡ ದಾರವನ್ನು ಹುಲ್ಲಿನ ಮೇಲೆ ಬಿಟ್ಟರೆ ಕಡ್ಡಿ, ಎಲೆ, ಚಪ್ಪಲಿ ಎಲ್ಲವನ್ನೂ ಅಪ್ಪಿಕೊಳ್ಳುತ್ತದೆ. ಬುಟ್ಟಿಗೆ ಬಿಟ್ಟರೆ ಸುಮ್ಮನೆ ಸುರುಳಿಯಾಗಿ ಕೂರುತ್ತದೆ.

ಒಂದು ಗಂಟನ್ನು ಕತ್ತಲಲ್ಲೂ ಹಾಕುವಷ್ಟು ಕಲಿಯಿರಿ. ಟಿಪೆಟನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಮೂಲದಾರಕ್ಕೆ ಐದು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಸಣ್ಣ ಕುಣಿಕೆಯೊಳಗೆ ಹೊಗಿಸಿ, ಹಾಗೆ ಹೊಗಿಸಿದಾಗ ಆದ ದೊಡ್ಡ ಕುಣಿಕೆಯಲ್ಲೂ ಒಮ್ಮೆ ತೂರಿಸಿ. ಉಗುಳಿನಿಂದ ಒದ್ದೆ ಮಾಡಿ ಮೆಲ್ಲನೆ ಬಿಗಿಯಿರಿ. ಒಣಗಿದ ಗಂಟನ್ನು ಬಿಗಿದರೆ ತಂಗೂಸಿ ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ.

ಎಸೆತ: ಮೊದಲು ಹುಲ್ಲಿನ ಮೇಲೆ

ಕೆರೆಗೆ ಹೋಗುವ ಮೊದಲು ಎರಡು ವಾರ ಮೈದಾನಕ್ಕೆ ಹೋಗಿ. ಕೊಕ್ಕೆ ಬೇಡ, ಲೀಡರಿನ ತುದಿಗೆ ಕೆಂಪು ಉಣ್ಣೆಯ ತುಂಡೊಂದನ್ನು ಕಟ್ಟಿ. ಆರು, ಎಂಟು, ಹತ್ತು ಮೀಟರಿಗೆ ಹಳೆಯ ತಟ್ಟೆಗಳನ್ನು ಇಡಿ.

ರಾಡಿನ ಹಿಡಿಯ ಮೇಲೆ ಹೆಬ್ಬೆರಳು ಇರಲಿ. ತುದಿಯನ್ನು ನೆಲದ ಹತ್ತಿರಕ್ಕೆ ಇಳಿಸಿ, ಎಡಗೈಯಿಂದ ದಾರದ ಸಡಿಲವನ್ನೆಲ್ಲ ಎಳೆದುಕೊಳ್ಳಿ. ಸಡಿಲ ಉಳಿದರೆ ಮುಂದಿನದೆಲ್ಲ ವ್ಯರ್ಥ. ಈಗ ಮೆಲ್ಲನೆ ಆರಂಭಿಸಿ, ವೇಗ ಹೆಚ್ಚಿಸುತ್ತ ರಾಡನ್ನು ಹಿಂದಕ್ಕೆ ಎತ್ತಿ, ಕಿವಿಯ ಪಕ್ಕ ಬರುವಷ್ಟರಲ್ಲಿ ಗಕ್ಕನೆ ನಿಲ್ಲಿಸಿ. ಆ ನಿಲುಗಡೆಯೇ ಎಸೆತದ ಜೀವ. ರಾಡ್ ನಿಂತಾಗ ದಾರ ಅದರ ತುದಿಯನ್ನು ದಾಟಿ, ಮಲಗಿಸಿಟ್ಟ ಇಂಗ್ಲಿಷಿನ ‘ಯು’ ಅಕ್ಷರದಂತೆ ಮಡಚಿ, ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದು ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಬೇಕು. ಹೊಸಬರು ಎಡವುವುದೆಲ್ಲ ಈ ಒಂದು ಕ್ಷಣದಲ್ಲಿ. ಕಾಯದೆ ಮುಂದಕ್ಕೆ ತಳ್ಳಿದರೆ ಚಾಟಿ ಬೀಸಿದಂತೆ ‘ಪಟ್’ ಎಂಬ ಸದ್ದು ಬರುತ್ತದೆ. ಕೊಕ್ಕೆಯಿದ್ದಿದ್ದರೆ ಅದು ಕಿತ್ತುಹೋಗಿರುತ್ತಿತ್ತು. ನಾಚಿಕೆಪಡದೆ ಕುತ್ತಿಗೆ ತಿರುಗಿಸಿ ಹಿಂದಿನ ದಾರವನ್ನು ಕಣ್ಣಾರೆ ನೋಡಿ. ಬಿಚ್ಚಿಕೊಂಡ ಮೇಲೆ ಮುಂದಕ್ಕೆ ಅದೇ ರೀತಿ ಮೆಲ್ಲನೆ ಆರಂಭಿಸಿ, ವೇಗ ಹೆಚ್ಚಿಸಿ, ಕಣ್ಣಿನ ಮಟ್ಟಕ್ಕಿಂತ ಮೇಲೆಯೇ ಮತ್ತೆ ನಿಲ್ಲಿಸಿ. ತೋಳಿನ ಬಲ ಬೇಡ. ದಾರ ಮಡಚಿಕೊಳ್ಳುವ ಕುಣಿಕೆ ಅಗಲವಾಗಿದ್ದರೆ ರಾಡಿನ ತುದಿ ಬಿಲ್ಲಿನಂತೆ ವಕ್ರವಾಗಿ ಓಡಿದೆ ಎಂದರ್ಥ. ತುದಿ ನೇರ ಗೆರೆಯಲ್ಲಿ ಓಡಿದಷ್ಟೂ ಕುಣಿಕೆ ಕಿರಿದಾಗುತ್ತದೆ.

ಇಷ್ಟೆಲ್ಲ ಕಲಿತ ಮೇಲೂ, ಉದ್ಯಾನದ ಕೆರೆಯಲ್ಲಿ ಈ ಎಸೆತವನ್ನು ಬಳಸುವ ಅವಕಾಶ ಕಡಿಮೆ. ಹಿಂದೆ ನಡೆಯುವ ದಾರಿ ಇದೆ. ಹತ್ತು ಮೀಟರ್ ದಾರ ಮುಂದೆ ಹೋಗಬೇಕಾದರೆ ಮೊದಲು ಹತ್ತು ಮೀಟರ್ ಹಿಂದೆ ಹೋಗುತ್ತದೆ, ಅಲ್ಲಿ ಯಾರದೋ ಮುಖವಿರುತ್ತದೆ. ಹಾಗಾಗಿ ನಮಗೆ ಬೇಕಾದದ್ದು ರೋಲ್ ಕಾಸ್ಟ್, ದಾರವನ್ನು ಹಿಂದಕ್ಕೆ ಹಾರಿಸದೆ ನೀರಿನ ಮೇಲೇ ಉರುಳಿಸುವ ಎಸೆತ.

ಇದನ್ನು ಹುಲ್ಲಿನ ಮೇಲೆ ಕಲಿಯಲಾಗದು. ನೀರಿನ ಹಿಡಿತವೇ ಇದಕ್ಕೆ ಆಧಾರ. ಮುಂದೆ ಬಿದ್ದಿರುವ ದಾರವನ್ನು ರಾಡ್ ಎತ್ತುತ್ತ ನಿಧಾನವಾಗಿ ನಿಮ್ಮ ಕಡೆಗೆ ಎಳೆಯಿರಿ, ಅವಸರ ಬೇಡವೇ ಬೇಡ. ರಾಡ್ ಕಿವಿಯ ಮಟ್ಟಕ್ಕೆ ಬಂದು ತುಸು ಹೊರಕ್ಕೆ ವಾಲಿರಲಿ. ದಾರ ರಾಡಿನ ತುದಿಯಿಂದ ಭುಜದ ಹಿಂದೆ ಜೋಕಾಲಿಯಂತೆ ಜೋತುಬೀಳುತ್ತದೆ, ಅದರ ಇನ್ನೊಂದು ತುದಿ ನಿಮ್ಮ ಮುಂದೆ ನೀರಿಗೆ ಅಂಟಿಕೊಂಡಿರುತ್ತದೆ. ಒಂದು ಕ್ಷಣ ಪೂರ್ತಿ ನಿಲ್ಲಿಸಿ. ನಂತರ ಸುತ್ತಿಗೆಯಿಂದ ಗೋಡೆಗೆ ಮೊಳೆ ಹೊಡೆಯುವಂತೆ ಮುಂದಕ್ಕೆ ವೇಗವಾಗಿ ಬೀಸಿ, ಎತ್ತರದಲ್ಲೇ ನಿಲ್ಲಿಸಿ. ದಾರ ಚಕ್ರದಂತೆ ಉರುಳಿಕೊಂಡು ಹೋಗಿ ಫ್ಲೈಯನ್ನು ಮಗುಚಿ ಇಳಿಸುತ್ತದೆ. ನನಗೆ ಇದು ಕೈಗೆ ಹತ್ತಿದ್ದು ಮೂರನೆಯ ವಾರ. ಅಂದಿನಿಂದ ಈ ಕೆರೆಯಲ್ಲಿ ನಾನು ಬೀಸಿದ ಹತ್ತರಲ್ಲಿ ಒಂಬತ್ತು ಎಸೆತಗಳು ಇವೇ.

ಗಾಳಿಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಕರಾವಳಿಯಲ್ಲಿ ಬೆಳಗಿನ ಜಾವ ನೆಲದ ಗಾಳಿ ಪೂರ್ವದಿಂದ ಬೀಸುತ್ತದೆ, ಬಿಸಿಲೇರಿದ ಮೇಲೆ ಕಡಲ ಗಾಳಿ ಪಶ್ಚಿಮದಿಂದ. ಬಲಗೈಯವರು ಗಾಳಿ ಎಡಭುಜಕ್ಕೆ ತಾಗುವಂತೆ ನಿಂತರೆ ಕೊಕ್ಕೆ ಮೈಯಿಂದ ದೂರ ಹಾರುತ್ತದೆ. ಅಂದರೆ ಬೆಳಿಗ್ಗೆ ಕೆರೆಯ ಉತ್ತರ ದಂಡೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ, ಸಂಜೆ ದಕ್ಷಿಣ ದಂಡೆಯಲ್ಲಿ ಉತ್ತರಕ್ಕೆ ಮುಖ ಮಾಡಿ. ಎಡಗೈಯವರಿಗೆ ಇದು ತಿರುವುಮುರುವು.

ಕೆರೆಯನ್ನು ಓದುವುದು

ಹಳೆಯ ಕೆರೆಗೆ ಅಂಚು, ಕೆಸರು, ಆಪು ಹುಲ್ಲು, ತಾವರೆ ಇರುತ್ತದೆ. ಮೀನು ಎಲ್ಲಿ ಬೇಕಾದರೂ ಅಡಗಬಹುದು. ಹೊಸದಾಗಿ ಹೂಳೆತ್ತಿದ ಕೆರೆ ಬೋಳು ಬಟ್ಟಲಿನಂತೆ. ನಾಲ್ಕೂ ಕಡೆ ಕಡಿದಾದ ಕಲ್ಲಿನ ಗೋಡೆ, ತಳವೆಲ್ಲ ಒಂದೇ ಸಮ. ನೋಡಲು ಬೇಸರ ಹುಟ್ಟಿಸುವ ಈ ಆಕಾರವೇ ಮೀನು ಹುಡುಕುವವನಿಗೆ ಅನುಕೂಲ, ಏಕೆಂದರೆ ಮೀನಿಗೆ ಆಯ್ಕೆಗಳು ಕಡಿಮೆ. ಮರದ ನೆರಳು ಬೀಳುವ ಮೂಲೆ, ನೀರಿಗಿಳಿಯುವ ಮೆಟ್ಟಿಲುಗಳ ಬದಿ, ಗೋಡೆ ಕುಸಿದು ಕಲ್ಲು ಬಿದ್ದಿರುವಲ್ಲಿ, ಯಾರಾದರೂ ಪುಣ್ಯಾತ್ಮರು ನೆಟ್ಟಿರುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳ ನಡುವೆ. ಮೊದಲ ಎರಡು ದಿನ ರಾಡ್ ಒಯ್ಯದೆ ಸುಮ್ಮನೆ ಸುತ್ತು ಹಾಕಿ. ಮಿಂಚುಳ್ಳಿ ಯಾವ ಕೊಂಬೆಯ ಮೇಲೆ ಕೂರುತ್ತದೆ, ಬೆಳ್ಳಕ್ಕಿ ಎಲ್ಲಿ ಕತ್ತು ಚಾಚಿ ನಿಂತಿರುತ್ತದೆ, ಬರೆದುಕೊಳ್ಳಿ. ಮರಿಮೀನಿನ ವಿಳಾಸ ಅವಕ್ಕೆ ಗೊತ್ತು. ಮರಿಮೀನು ಇರುವಲ್ಲಿಗೆ ದೊಡ್ಡದು ಬಂದೇ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ತೂಬು. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಪಣಂಬೂರಿನ ನವಮಂಗಳೂರು ಬಂದರಿನ ಉಬ್ಬರವಿಳಿತದ ಕೋಷ್ಟಕ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಕೆರೆ ಆ ಹೊತ್ತನ್ನು ಪಾಲಿಸುವುದಿಲ್ಲ! ಬಂದರಿನಲ್ಲಿ ಭರತವಾದ ಮೇಲೆ ಅದು ಹೊಳೆಯಲ್ಲಿ ಮೇಲೇರಿ ಬರಬೇಕು, ಆಮೇಲೆ ಕಿರಿದಾದ ತೂಬಿನಲ್ಲಿ ನುಸುಳಬೇಕು. ನಾನು ಗೋಡೆಯ ಒಂದು ಕಲ್ಲನ್ನು ಗುರುತಿಟ್ಟುಕೊಂಡು, ಒಂದು ಭಾನುವಾರ ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ನೋಡಿ ಬರೆದೆ. ನಿಮ್ಮ ಕೆರೆಯ ವ್ಯತ್ಯಾಸವನ್ನು ನೀವೇ ಅಳೆಯಬೇಕು; ಒಂದು ದಿನದ ಈ ಕೆಲಸ ವರ್ಷಗಟ್ಟಲೆ ಫಲ ಕೊಡುತ್ತದೆ. ತೂಬಿನಿಂದ ನೀರು ಒಳಗೆ ನುಗ್ಗಲು ಆರಂಭವಾದ ಮೊದಲ ಗಂಟೆಯಲ್ಲಿ ಸಿಗಡಿ ಮರಿ, ಸಣ್ಣ ಮೀನು ಅದರೊಡನೆ ಬರುತ್ತವೆ. ಕುರುಡೆ ಆ ಬಾಯಿಯ ಪಕ್ಕದ ಸೆಳವಿಲ್ಲದ ನೀರಿನಲ್ಲಿ ಕಾದಿರುತ್ತದೆ. ಹರಿವಿಗೆ ಅಡ್ಡಲಾಗಿ ಎಸೆದು, ಫ್ಲೈಯನ್ನು ಹರಿವಿನಲ್ಲಿ ತೇಲಲು ಬಿಟ್ಟು, ನಿಂತ ನೀರಿನ ಅಂಚಿಗೆ ಬಂದಾಗ ಎರಡು ಸಲ ಚುರುಕಾಗಿ ಎಳೆಯಿರಿ.

ಯಾವ ಮೀನಿಗೆ ಯಾವ ಫ್ಲೈ

ತಿಲಾಪಿಯಾ ಎಲ್ಲೆಡೆ ಇದೆ. 1952ರಲ್ಲಿ ಹೊರಗಿನಿಂದ ಭಾರತಕ್ಕೆ ತಂದ ಈ ಆಫ್ರಿಕಾದ ಮೀನು ಸಿಹಿನೀರು, ಉಪ್ಪುನೀರು ಎನ್ನದೆ ಹರಡಿಕೊಂಡಿತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. 10 ಅಥವಾ 12ನೇ ಸಂಖ್ಯೆಯ ಕೊಕ್ಕೆಗೆ (ಸಂಖ್ಯೆ ಹೆಚ್ಚಿದಷ್ಟು ಕೊಕ್ಕೆ ಚಿಕ್ಕದು) ಪಾಚಿ ಹಸಿರಿನ ಉಣ್ಣೆ ಸುತ್ತಿದರೆ ಸಾಕು. ಎಸೆದು, ಮುಳುಗಲು ಬಿಟ್ಟು, ಬೆರಳಿನಷ್ಟು ಬೆರಳಿನಷ್ಟೇ ಎಳೆಯಿರಿ. ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ದಾರದ ತುದಿ ತುಸು ನಡುಗುತ್ತದೆ, ಅಷ್ಟೇ. ಕರಿಮೀನಿಗೂ ಇದೇ ಫ್ಲೈ, ಆದರೆ ಅದಕ್ಕೆ ಅನುಮಾನ ಜಾಸ್ತಿ. ಅದು ಜೋಡಿಯಾಗಿ ಒಂದೇ ಕಲ್ಲಿನ ಸುತ್ತ ಸುಳಿಯುತ್ತಿದ್ದರೆ ಮೊಟ್ಟೆ ಕಾಯುತ್ತಿದೆ ಎಂದು ತಿಳಿದು ಬೇರೆ ಕಡೆ ಹೋಗಿ.

ಕುರುಡೆಗೆ ಕ್ಲೌಸರ್ ಮಿನ್ನೋ. ಅಮೆರಿಕದ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಕಟ್ಟಿದ ಈ ಫ್ಲೈ ಜಗತ್ತಿನ ಬಹುಪಾಲು ನೀರುಗಳಲ್ಲಿ ಓಡಾಡಿದೆ. ಕೊಕ್ಕೆಯ ದಂಡದ ಮೇಲೆ ಡಂಬೆಲ್ ಆಕಾರದ ಲೋಹದ ಕಣ್ಣುಗಳನ್ನು ಕಟ್ಟುವುದರಿಂದ ಅದು ನೀರಿನಲ್ಲಿ ತಲೆಕೆಳಗಾಗುತ್ತದೆ, ಕೊಕ್ಕೆಯ ಮೊನೆ ಮೇಲಕ್ಕಿರುತ್ತದೆ. ಮುರಕಲ್ಲಿನ ತೂತುಗಳಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಮೂಲದಲ್ಲಿ ಜಿಂಕೆಯ ಬಾಲದ ರೋಮ ಬಳಸುತ್ತಾರೆ. ನಾನು ಆಡಿನ ಬಿಳಿ ರೋಮ ಬಳಸುತ್ತೇನೆ. ಅಂದ ಹಾಗೆ, ಕುರುಡೆ ಮೊದಲು ಗಂಡಾಗಿದ್ದು, ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ದೊಡ್ಡದೆಲ್ಲ ತಾಯಿಯೇ ಎಂದುಕೊಂಡು ಬಿಟ್ಟುಬಿಡಿ.

ನನ್ನ ಅಚ್ಚುಮೆಚ್ಚಿನದು ಕೊರವ. ಕೆರೆಯ ಸಿಹಿನೀರಿನ ಮೂಲೆಯಲ್ಲಿ, ಎಲೆ ಕಸದ ಕೆಳಗೆ ಇರುತ್ತದೆ. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಇದಕ್ಕೆ ಬೇಕಾದ ಕಪ್ಪೆಯನ್ನು ನಾನು ಸವೆದ ಹವಾಯಿ ಚಪ್ಪಲಿಯಿಂದ ಮಾಡುತ್ತೇನೆ. ಬ್ಲೇಡಿನಿಂದ ಕಿರುಬೆರಳ ದಪ್ಪದ, ಎರಡು ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿ, ಮುಂಭಾಗವನ್ನು ತುಸು ಬಟ್ಟಲಿನಂತೆ ಕೊರೆಯಿರಿ. ಅಡಿಯಲ್ಲಿ ಉದ್ದಕ್ಕೆ ಸೀಳಿ. 2ನೇ ಸಂಖ್ಯೆಯ ಉದ್ದ ದಂಡದ ಕೊಕ್ಕೆಗೆ ಮೊದಲು ನೂಲು ಸುತ್ತಿ, ಹಿಂಭಾಗಕ್ಕೆ ಹುಂಜದ ಕುತ್ತಿಗೆಯ ನಾಲ್ಕು ಗರಿಗಳನ್ನು ಎರಡೆರಡಾಗಿ ಹೊರಕ್ಕೆ ಬಾಗುವಂತೆ ಕಟ್ಟಿ. ಅವೇ ಕಪ್ಪೆಯ ಕಾಲುಗಳು. ಊರುಕೋಳಿ ಕೊಳ್ಳುವ ಅಂಗಡಿಯಲ್ಲಿ ಕೇಳಿದರೆ ಕೆಂಪು, ಕಪ್ಪು, ಬೂದು, ಎಲ್ಲ ಬಣ್ಣದ ಗರಿಯೂ ಸಿಗುತ್ತದೆ. ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಸೀಳಿಗೆ ಅಂಟು ಹಾಕಿ ಚಪ್ಪಲಿ ತುಂಡನ್ನು ನೂಲಿನ ಮೇಲೆ ಕೂರಿಸಿ, ರಾತ್ರಿಯಿಡೀ ಬಿಡಿ. ನೀರಿಗೆಸೆದು ಅಲೆಗಳು ಮಾಯವಾಗುವ ತನಕ ಕಾದು, ಒಮ್ಮೆ ಎಳೆಯಿರಿ. ‘ಗ್ಲುಪ್’ ಎನ್ನುತ್ತದೆ. ಮತ್ತೆ ಕಾಯಿರಿ. ಕೊರವ ಹಾರಿದಾಗ ಎದೆ ಧಸಕ್ಕೆನ್ನುತ್ತದೆ, ಪ್ರತಿಸಲವೂ.

ಆದರೆ ನೀರಿನ ಮೇಲೆ ಕಿತ್ತಳೆ ಬಣ್ಣದ ಮರಿಗಳ ಗುಂಪು ಕುದಿಯುತ್ತಿದ್ದರೆ ಕೆಳಗೆ ತಂದೆತಾಯಿ ಕಾವಲಿರುತ್ತವೆ. ಆಗ ಎಸೆದರೆ ಖಂಡಿತ ಹಾರುತ್ತವೆ, ಹಸಿವಿನಿಂದಲ್ಲ, ಮರಿಗಳ ಮೇಲಿನ ಕಾಳಜಿಯಿಂದ. ಆ ಮೀನನ್ನು ಹಿಡಿದರೆ ಕೆಲವೇ ನಿಮಿಷಗಳಲ್ಲಿ ಉಳಿದ ಮೀನುಗಳು ಮರಿಗಳನ್ನು ಮುಗಿಸುತ್ತವೆ. ದಯವಿಟ್ಟು ಎಸೆಯಬೇಡಿ.

ಕಚ್ಚಿದ ಮೇಲೆ

ರಾಡ್ ಎತ್ತುವುದು ಎಲ್ಲರ ಮೊದಲ ಪ್ರತಿಕ್ರಿಯೆ, ಎಲ್ಲರ ಮೊದಲ ತಪ್ಪು. ರಾಡನ್ನು ಮೀನಿನತ್ತ ನೇರವಾಗಿಟ್ಟುಕೊಂಡೇ ಎಡಗೈಯಿಂದ ದಾರವನ್ನು ಉದ್ದಕ್ಕೆ ಸೆಳೆಯಿರಿ. ತಪ್ಪಿದರೂ ಫ್ಲೈ ನೀರಿನಲ್ಲೇ ಉಳಿಯುತ್ತದೆ, ಮೀನು ಮತ್ತೊಮ್ಮೆ ಬರಬಹುದು. ಬಿಗಿಯಾದ ಮೇಲೆ ರಾಡ್ ಎತ್ತಿ, ಬೇಗ ದಡಕ್ಕೆ ತನ್ನಿ. ನಮ್ಮ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಹೆಚ್ಚು ಹೊತ್ತು ಆಡಿಸಿದ ಮೀನು ಈಜಿಕೊಂಡು ಹೋದರೂ ಬದುಕದೆ ಇರಬಹುದು. ಕೊಕ್ಕೆಯ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ತಿರುಗಿಸಿದಷ್ಟಕ್ಕೇ ಕಳಚುತ್ತದೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲಿಟ್ಟುಕೊಂಡೇ ಬಿಡಿಸಿ. ತಿಲಾಪಿಯಾದ ಬೆನ್ನಿನ ಮುಳ್ಳು ಚುಚ್ಚುತ್ತದೆ, ಕೊರವಕ್ಕೆ ಹಲ್ಲಿದೆ, ಮುಗುಡು ಸಿಕ್ಕರೆ ಪಕ್ಕದ ರೆಕ್ಕೆಯ ಮುಳ್ಳಿನ ಹಿಂದೆ ಹಿಡಿಯಿರಿ. ಮನೆಗೆ ಒಯ್ಯುವ ಯೋಚನೆ ಬೇಡ. ಪೇಟೆಯ ಚರಂಡಿ ನೀರು ಸೇರಬಹುದಾದ ಕೆರೆ ಅದು. ಪುಳಿಮುಂಚಿಗೆ ಬಂಗುಡೆ ಮೀನುಗಾರಿಕಾ ಧಕ್ಕೆಯಲ್ಲಿ ಸಿಗುತ್ತದೆ.

ಯಾವಾಗ ಹೋಗಬಾರದು

ಬಿರುಬೇಸಿಗೆಯಲ್ಲಿ ನೀರು ಗಾಢ ಹಸಿರಾಗಿದ್ದರೆ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ. ಅದು ಹಸಿವಲ್ಲ. ರಾತ್ರಿಯಿಡೀ ಪಾಚಿ ಆಮ್ಲಜನಕವನ್ನು ಹೀರಿ, ಸೂರ್ಯೋದಯಕ್ಕೆ ಮುಂಚೆ ಅದು ತೀರಾ ಕಡಿಮೆಯಾಗಿರುತ್ತದೆ; ಮೀನುಗಳು ಉಸಿರಿಗಾಗಿ ಒದ್ದಾಡುತ್ತಿವೆ. ಅಂಥ ದಿನ ಸಂಜೆ ಹೋಗಿ, ಇಲ್ಲವೇ ಕೆರೆಯ ಉಸ್ತುವಾರಿಯವರಿಗೆ ತಿಳಿಸಿ. ಮುಂಗಾರಿನ ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ತೋಡು, ಗದ್ದೆಗಳತ್ತ ಹತ್ತುತ್ತವೆ. ಹತ್ತುಮೀನು ಹಿಡಿಯುವ ಸಂಭ್ರಮ ನಮ್ಮಲ್ಲಿ ಹಳೆಯದು, ಅದರ ನೆನಪು ನನಗೂ ಇದೆ. ಆದರೂ ಆ ವಾರಗಳಲ್ಲಿ ನಾನು ರಾಡ್ ಮುಟ್ಟುವುದಿಲ್ಲ. ಯಾಂತ್ರೀಕೃತ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಕಡಲಿನಲ್ಲಿ ನಿಷೇಧವಿರುವಾಗ, ಹವ್ಯಾಸಕ್ಕೆ ಹಿಡಿಯುವವನು ಎರಡು ತಿಂಗಳು ಕೈಕಟ್ಟಿ ಕೂರುವುದು ನ್ಯಾಯವೇ. ಮಳೆಗಾಲದಲ್ಲಿ ಇಲಿಜ್ವರದ ಭಯವೂ ಇದೆ; ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬೇಡಿ. ಆ ಎರಡು ತಿಂಗಳು ಚಪ್ಪಲಿಯ ಕಪ್ಪೆಗಳನ್ನು ಕಟ್ಟಲು ಹೇಳಿಮಾಡಿಸಿದ ಕಾಲ.

ಪ್ರತಿಸಲ ಮರಳಿದ ಮೇಲೆ ರೀಲನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ. ತೂಬಿನ ನೀರಿನ ಉಪ್ಪು ಒಂದೇ ವಾರದಲ್ಲಿ ತಿರುಪುಗಳನ್ನು ಹಿಡಿದುಬಿಡುತ್ತದೆ. ದಾರವನ್ನು ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿ, ಸಡಿಲವಾಗಿ ಸುತ್ತಿಡಿ. ಹೊರಡುವ ಮುನ್ನ ಕತ್ತರಿಸಿದ ಟಿಪೆಟಿನ ಚೂರುಗಳನ್ನೆಲ್ಲ ಎಣಿಸಿ ಜೇಬಿಗೆ ಹಾಕಿಕೊಳ್ಳಿ. ಬೇರೆಯವರು ಬಿಟ್ಟುಹೋದ ತಂಗೂಸಿ ಕಂಡರೆ ಅದನ್ನೂ. ಕಳೆದ ಮಾಘದಲ್ಲಿ ಕಾಂಡ್ಲಾದ ಕೊಂಬೆಗೆ ಕಾಲು ಸಿಕ್ಕಿಕೊಂಡ ಬೆಳ್ಳಕ್ಕಿಯೊಂದನ್ನು ಕಾವಲುಗಾರರೂ ನಾನೂ ಸೇರಿ ಬಿಡಿಸಿದೆವು. ಮೊಳದುದ್ದದ ತಂಗೂಸಿ, ಅಷ್ಟೇ. ಅದು ನನ್ನದಾಗಿರಲಿಲ್ಲ, ಆದರೆ ಅಂದಿನಿಂದ ನನ್ನ ಚೀಲದಲ್ಲಿ ಸಣ್ಣ ಕತ್ತರಿಯೊಂದು ಯಾವಾಗಲೂ ಇರುತ್ತದೆ.